ಇನ್ನೂರು ಬಾರ್‌ನಿಂದ ಒಂದು ಉಸಿರಿಗೆ

ಭರ್ತಿ ಮಾಡಿದ ಸ್ಕೂಬಾ ಸಿಲಿಂಡರಿನೊಳಗೆ ಗಾಳಿಯ ಒತ್ತಡ ಸುಮಾರು 200 ಬಾರ್. ನೆಲದ ಮೇಲೆ ನಾವು ಉಸಿರಾಡುವ ಗಾಳಿಯದ್ದು ಹೆಚ್ಚುಕಡಿಮೆ 1 ಬಾರ್. ಈ 200ನ್ನು ಇಳಿಸಬೇಕು. ಡೈವರ್ ಎಷ್ಟು ಆಳದಲ್ಲಿದ್ದಾನೋ ಆ ಆಳದ ನೀರಿನ ಒತ್ತಡಕ್ಕೆ ಸರಿಯಾಗಿ ಇಳಿಸಬೇಕು. ಅವನು ಉಸಿರೆಳೆದಾಗ ಮಾತ್ರ, ಎಳೆದಷ್ಟು ಮಾತ್ರ ಕೊಡಬೇಕು. ಇಷ್ಟನ್ನೂ ಬ್ಯಾಟರಿಯಿಲ್ಲದೆ, ಬರೀ ಸ್ಪ್ರಿಂಗು, ರಬ್ಬರು, ಹಿತ್ತಾಳೆಯಿಂದ ಮಾಡಿ ಮುಗಿಸುವ ಸಾಧನವೇ ರೆಗ್ಯುಲೇಟರ್.

ಬೆಲೆಪಟ್ಟಿ ನೋಡಿದರೆ ಮಾತ್ರ ತಲೆ ತಿರುಗುತ್ತದೆ. ಒಂದೇ ಕಂಪನಿಯ ತೀರಾ ಸಾದಾ ಮಾದರಿಗೂ ಮೇಲ್ದರ್ಜೆಯ ಮಾದರಿಗೂ ಮೂರು ಪಟ್ಟು ಅಂತರ ಇರುವುದು ಮಾಮೂಲು. ಹೊಸದಾಗಿ ಡೈವಿಂಗ್ ಕಲಿತವರ ಕೈಯಲ್ಲಿ ದುಡ್ಡು ಕಡಿಮೆ, ಮನಸ್ಸಿನಲ್ಲಿ ಅಳುಕು ಜಾಸ್ತಿ. ‘ಜೀವದ ವಿಷಯ, ಇದರಲ್ಲಿ ಜುಗ್ಗತನ ಬೇಡ’ ಎಂದು ಯಾರಾದರೂ ಹೇಳಿದರೆ ಸಾಕು, ಸಾಲ ಮಾಡಿಯಾದರೂ ದುಬಾರಿಯದನ್ನೇ ಕೊಳ್ಳುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಜೀವದ ವಿಷಯ ಹೌದು. ಆದರೆ ಜೀವ ಕಾಯುವ ಭಾಗಕ್ಕೆ ನಾವು ಕೊಡುವ ಬೆಲೆ ಅಷ್ಟೇನಿಲ್ಲ. ಉಳಿದ ಎರಡು ಪಾಲು ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಭೌತವಿಜ್ಞಾನವೇ ಬಿಡಿಸಿ ತೋರಿಸುತ್ತದೆ.

ನೀರಿನ ಭಾರ, ಎದೆಯ ಬಲ

ಉದ್ದನೆಯ ಕೊಳವೆಯ ಒಂದು ತುದಿಯನ್ನು ನೀರಿನ ಮೇಲೆ ತೇಲಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದಲ್ಲ ಎಂದು ಮಕ್ಕಳು ಕೇಳುವುದುಂಟು. ಆಗುವುದಿಲ್ಲ. ನೀರಿನಲ್ಲಿ ಒಂದು ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರ ಹೆಚ್ಚುತ್ತದೆ. ಎದೆಗೂಡಿನ ಮುಂಭಾಗ 1,000 ಚದರ ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಅದರ ಮೇಲೆ 100 ಕಿಲೋ ಹೇರಿದಂತಾಯಿತು. ಕೊಳವೆಯೊಳಗಿನ ಗಾಳಿ ಮೇಲಿನ ವಾತಾವರಣದ ಒತ್ತಡದಲ್ಲೇ ಇರುವುದರಿಂದ ಒಳಗಿನಿಂದ ಆ ಭಾರವನ್ನು ಎತ್ತಿಹಿಡಿಯಲು ಏನೂ ಇರುವುದಿಲ್ಲ. ಆರೋಗ್ಯವಂತ ಮನುಷ್ಯ ದಮ್ಮು ಕಟ್ಟಿ ಒಮ್ಮೆ ಎಳೆದರೆ ಸುಮಾರು ಒಂದು ಮೀಟರ್ ನೀರಿನ ಒತ್ತಡವನ್ನು ಮೀರಬಲ್ಲ. ನಿಮಿಷಕ್ಕೆ ಹದಿನೈದು ಸಲ ಹಾಗೆ ಎಳೆಯುತ್ತಾ ಕೂರಲು ಯಾರಿಂದಲೂ ಆಗದು. ಸ್ನಾರ್ಕೆಲ್ ಕೊಳವೆ ಅಷ್ಟು ಗಿಡ್ಡವಾಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಒಳಗೆ ಹೋಗುವ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿರಲೇಬೇಕು. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ಬಾರ್ ಕೂಡುತ್ತದೆ: 10 ಮೀಟರಿನಲ್ಲಿ 2 ಬಾರ್, 20ರಲ್ಲಿ 3, 30ರಲ್ಲಿ 4. ಒತ್ತಡ ನಾಲ್ಕು ಪಟ್ಟಾದರೆ ಗಾಳಿಯ ಸಾಂದ್ರತೆಯೂ ನಾಲ್ಕು ಪಟ್ಟು. ಅಷ್ಟು ಮಂದವಾದ ಗಾಳಿ ಕಿರಿದಾದ ಕೊಳವೆ, ಕವಾಟಗಳ ಮೂಲಕ ಹರಿಯುವಾಗ ಪ್ರತಿರೋಧ ಹೆಚ್ಚುತ್ತದೆ. ಅಗ್ಗದ ರೆಗ್ಯುಲೇಟರಿಗೂ ದುಬಾರಿಯದಕ್ಕೂ ವ್ಯತ್ಯಾಸ ಕಾಣಿಸಿಕೊಳ್ಳಲು ಶುರುವಾಗುವುದು ಈ ಆಳಗಳಲ್ಲೇ. ಐದಾರು ಮೀಟರಿನಲ್ಲಿ ಎರಡನ್ನೂ ಬದಲಿಸಿ ಬದಲಿಸಿ ಕೊಟ್ಟರೆ ಯಾವುದು ಯಾವುದೆಂದು ಹೇಳಲು ಬಹುತೇಕರಿಗೆ ಕಷ್ಟವಾದೀತು.

ಪೆಟ್ರೋಲ್ ಬರಗಾಲದ ಕೂಸು

ಈ ಸಾಧನ ಹುಟ್ಟಿದ್ದೇ ಕೊರತೆಯ ಕಾಲದಲ್ಲಿ. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರುಕೆರೋಲ್ ಮತ್ತು ನೌಕಾಪಡೆಯ ಅಧಿಕಾರಿ ಒಗುಸ್ತ್ ದೆನೆರೂಜ್ 1860ರ ದಶಕದಲ್ಲೇ ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಕವಾಟವನ್ನು ಮಾಡಿದ್ದರು. ಆದರೆ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ತುಂಬಿಡಬಲ್ಲ ಗಟ್ಟಿ ಸಿಲಿಂಡರುಗಳು ಆಗ ಇರಲಿಲ್ಲ. ಅವರ ಡೈವರ್ ಮೇಲಿನಿಂದ ಪಂಪು ಮಾಡಿದ ಗಾಳಿಯ ಕೊಳವೆಯನ್ನೇ ನಂಬಬೇಕಿತ್ತು.

ಮುಂದಿನ ದೊಡ್ಡ ಹೆಜ್ಜೆ ಎರಡನೇ ಮಹಾಯುದ್ಧದ ನಡುವೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಜನ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್, ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ಪುಟ್ಟ ಕವಾಟದ ಮೇಲೆ ಕೆಲಸ ಮಾಡುತ್ತಿದ್ದ. ನೀರಿನೊಳಗೆ ಉಸಿರಾಡಲು ಇಂಥದ್ದೇ ಕವಾಟ ಬೇಕಿದ್ದ ನೌಕಾಪಡೆಯ ಜಾಕ್ ಈವ್ ಕುಸ್ತೋ ಅವನನ್ನು ಹುಡುಕಿಕೊಂಡು ಬಂದ. ಎಂಜಿನ್ನಿನ ಜಾಗದಲ್ಲಿ ಮನುಷ್ಯನ ಶ್ವಾಸಕೋಶವನ್ನು ಇಟ್ಟರೆ ಲೆಕ್ಕ ಬದಲಾಗುವುದಿಲ್ಲ.

1943ರ ಜನವರಿಯಲ್ಲಿ ಮಾರ್ನ್ ನದಿಯ ಕೊರೆಯುವ ನೀರಿನಲ್ಲಿ ಮೊದಲ ಪರೀಕ್ಷೆ. ಅಡ್ಡವಾಗಿ ಈಜುವಾಗ ಸಾಧನ ಚೆನ್ನಾಗಿತ್ತು. ನೆಟ್ಟಗೆ ನಿಂತರೆ ಗಾಳಿ ಬುಸುಗುಟ್ಟಿ ಪೋಲಾಗುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟ. ಕಾರಣ ಹುಡುಕಿದರೆ ಸಿಕ್ಕಿದ್ದು ಸುಮಾರು 15 ಸೆಂಟಿಮೀಟರಿನ ವ್ಯತ್ಯಾಸ: ಗಾಳಿ ಒಳಬರುವ ಜಾಗಕ್ಕೂ ಬಿಟ್ಟ ಉಸಿರು ಹೊರಹೋಗುವ ಜಾಗಕ್ಕೂ ನಡುವೆ ಅಷ್ಟು ಅಂತರವಿತ್ತು. ನಿಂತಾಗ ಒಂದು ಮೇಲಾಗಿ, ತಲೆಕೆಳಗಾದಾಗ ಅದೇ ಕೆಳಗಾಗಿ, ಅಷ್ಟು ನೀರಿನ ಒತ್ತಡದ ವ್ಯತ್ಯಾಸಕ್ಕೇ ಕವಾಟ ತಾಳ ತಪ್ಪುತ್ತಿತ್ತು. ಎರಡನ್ನೂ ಅಕ್ಕಪಕ್ಕ ತಂದು ಕೂರಿಸಿದ ಮೇಲೆ ಎಲ್ಲ ಸರಿಹೋಯಿತು. ಅದೇ ವರ್ಷ ಬೇಸಿಗೆಯಲ್ಲಿ ಕುಸ್ತೋ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದ.

ಆ ಕಾಲದ ಸಾಧನಕ್ಕೆ ಬೆನ್ನ ಮೇಲಿಂದ ಬಾಯಿಗೆ ಬರುವ ಎರಡು ದಪ್ಪ ಕೊಳವೆಗಳಿದ್ದವು. ಈಗ ನಾವು ನೋಡುವ ಒಂಟಿ ಕೊಳವೆಯ ಮಾದರಿಯನ್ನು 1952ರಲ್ಲಿ ‘ಪಾರ್ಪಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವನು ಆಸ್ಟ್ರೇಲಿಯಾದ ಮೆಲ್ಬರ್ನಿನ ಟೆಡ್ ಎಲ್ಡ್ರೆಡ್. ಒತ್ತಡ ಇಳಿಸುವ ಕೆಲಸವನ್ನು ಅವನು ಎರಡಾಗಿ ಒಡೆದ: ಅರ್ಧ ಸಿಲಿಂಡರಿನ ಮೇಲೆ, ಇನ್ನರ್ಧ ಬಾಯಿಯ ಬಳಿ. ಇಂದಿನ ಅಗ್ಗದ್ದೂ ದುಬಾರಿಯದ್ದೂ ಇದೇ ಏರ್ಪಾಡಿನ ಮೇಲೆ ನಿಂತಿವೆ. ಮೂಲ ಐಡಿಯಾಕ್ಕಾಗಿ ಇಂದು ಯಾರೂ ಹೆಚ್ಚಿನ ಹಣ ಕೊಡಬೇಕಿಲ್ಲ.

ಎರಡು ಮೆಟ್ಟಿಲು

ಸಿಲಿಂಡರಿಗೆ ಕಚ್ಚಿಕೊಳ್ಳುವ ಲೋಹದ ಗುಬಟು ಫಸ್ಟ್ ಸ್ಟೇಜ್. ಅದು 200 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿರುವಂತೆ ಇಳಿಸುತ್ತದೆ. ಈ ನಡುವಿನ ಒತ್ತಡಕ್ಕೆ ಡೈವಿಂಗ್ ಮಂದಿ ‘ಐಪಿ’ ಎನ್ನುತ್ತಾರೆ. ಬಾಯಲ್ಲಿ ಕಚ್ಚಿಕೊಳ್ಳುವುದು ಸೆಕೆಂಡ್ ಸ್ಟೇಜ್. ಅದರ ಮುಚ್ಚಳದ ಹಿಂದೆ ಅಂಗೈಯಷ್ಟಗಲದ ರಬ್ಬರ್ ಡಯಾಫ್ರಾಮ್, ಅದಕ್ಕೆ ತಾಗಿದ ಒಂದು ಸನ್ನೆ, ಸನ್ನೆಯ ತುದಿಗೆ ಕವಾಟ. ಉಸಿರೆಳೆದರೆ ಡಯಾಫ್ರಾಮ್ ಒಳಗೆ ಬಾಗಿ ಸನ್ನೆಯನ್ನು ಒತ್ತುತ್ತದೆ, ಕವಾಟ ತೆರೆಯುತ್ತದೆ, ಗಾಳಿ ಬರುತ್ತದೆ. ನಿಲ್ಲಿಸಿದರೆ ಸ್ಪ್ರಿಂಗು ಮುಚ್ಚುತ್ತದೆ. ಕವಾಟ ಬಾಯಿಬಿಡಲು ಬೇಕಾದ ಎಳೆತ ಮೂರು ಸೆಂಟಿಮೀಟರ್ ನೀರಿನ ಒತ್ತಡದ ಆಸುಪಾಸು.

ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಕೂರುವ ರೆಗ್ಯುಲೇಟರ್ ಕೂಡ ಇದರ ದಾಯಾದಿಯೇ. ಅದರೊಳಗೂ ಡಯಾಫ್ರಾಮ್, ಸ್ಪ್ರಿಂಗು, ಸನ್ನೆ ಇವೆ. ಆದರೆ ಅದರ ಕೆಲಸ ಸುಲಭದ್ದು. ಒಲೆ ಇಡೀ ದಿನ ಒಂದೇ ಕಟ್ಟೆಯ ಮೇಲಿರುತ್ತದೆ. ಹೊರಗಿನ ಒತ್ತಡ ಬದಲಾಗುವುದಿಲ್ಲ. ಡೈವಿಂಗ್ ರೆಗ್ಯುಲೇಟರ್ ಪ್ರತಿ ಮೀಟರಿಗೂ ತನ್ನ ಲೆಕ್ಕವನ್ನು ತಿದ್ದಿಕೊಳ್ಳಬೇಕು. ಅದಕ್ಕಾಗಿಯೇ ಎರಡೂ ಮೆಟ್ಟಿಲುಗಳಲ್ಲಿ ಸುತ್ತಲಿನ ನೀರಿನ ಒತ್ತಡ ಒಳಗಿನ ಪಿಸ್ಟನ್ನಿಗೋ ಡಯಾಫ್ರಾಮಿಗೋ ತಟ್ಟುವಂತೆ ದಾರಿ ಬಿಟ್ಟಿರುತ್ತಾರೆ.

ಇನ್ನೊಂದು ಜಾಣತನ ಗಮನಿಸಬೇಕು. ಸಾಮಾನ್ಯವಾದ ಸೆಕೆಂಡ್ ಸ್ಟೇಜ್ ಕವಾಟ ಗಾಳಿ ಹರಿಯುವ ದಿಕ್ಕಿಗೇ ತೆರೆದುಕೊಳ್ಳುತ್ತದೆ. ಫಸ್ಟ್ ಸ್ಟೇಜ್ ಕೆಟ್ಟು ಒತ್ತಡ ಏರಿದರೆ ಆ ಒತ್ತಡವೇ ಕವಾಟವನ್ನು ತಳ್ಳಿ ತೆರೆಯುತ್ತದೆ. ಗಾಳಿ ಭುಸಭುಸನೆ ಹರಿದುಹೋಗುತ್ತದೆ. ಇದಕ್ಕೆ ಫ್ರೀ ಫ್ಲೋ ಎನ್ನುತ್ತಾರೆ. ಟ್ಯಾಂಕು ಬೇಗ ಖಾಲಿಯಾಗುತ್ತದೆ ನಿಜ, ಆದರೆ ಅದರಿಂದ ಉಸಿರಾಡುತ್ತಲೇ ಮೇಲೆ ಬರಬಹುದು. ಕೆಟ್ಟರೂ ಗಾಳಿ ಕೊಡುವ ಕಡೆಗೇ ಕೆಡಬೇಕೆಂಬುದು ವಿನ್ಯಾಸದಲ್ಲೇ ಅಡಕವಾಗಿದೆ. ಸಾದಾ ಮಾದರಿಯಲ್ಲೂ ಇದು ಇದೆ.

ಬೆಲೆ ಹೆಚ್ಚಿಸುವ ಒಂದು ಶಬ್ದ: ಬ್ಯಾಲೆನ್ಸ್ಡ್

ಬೆಲೆಪಟ್ಟಿಯ ತಳದಲ್ಲಿ ಸಾಮಾನ್ಯವಾಗಿ ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಫಸ್ಟ್ ಸ್ಟೇಜುಗಳು ಇರುತ್ತವೆ. ಸ್ಕೂಬಾಪ್ರೋದ ಎಂಕೆ2, ಕ್ರೆಸ್ಸಿಯ ಎಸಿ2, ಮಾರೆಸ್‌ನ ಆರ್2ಎಸ್ ಈ ಜಾತಿಯವು. ಬ್ಯಾಲೆನ್ಸ್ಡ್ ಪಿಸ್ಟನ್ನಿನ ಎಂಕೆ25, ಬ್ಯಾಲೆನ್ಸ್ಡ್ ಡಯಾಫ್ರಾಮಿನ ಅಕ್ವಾಲಂಗ್ ಟೈಟಾನ್, ಏಪೆಕ್ಸ್ ಮಾದರಿಗಳು ಮೇಲಿನ ಮೆಟ್ಟಿಲಿನವು. ವ್ಯತ್ಯಾಸವನ್ನು ಒಂದು ಲೆಕ್ಕದಲ್ಲಿ ಹಿಡಿಯಬಹುದು.

ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ನಿನ ಒಂದು ತುದಿಯಲ್ಲಿ ಅಗಲವಾದ ತಲೆ, ಇನ್ನೊಂದು ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ. ಈ ಬಿಲ್ಲೆ ಸಿಲಿಂಡರಿನಿಂದ ಗಾಳಿ ಬರುವ ಕಿರುರಂಧ್ರವನ್ನು ಮುಚ್ಚುತ್ತದೆ. ಅದನ್ನು ಮುಚ್ಚುವ ಕಡೆಗೆ ನೂಕುವುದು ಅಗಲ ತಲೆಯ ಮೇಲೆ ಕೂತ ಐಪಿ. ತೆರೆಯುವ ಕಡೆಗೆ ನೂಕುವವು ಮೂರು: ಸ್ಪ್ರಿಂಗು, ಸುತ್ತಲಿನ ನೀರು, ಮತ್ತು ರಂಧ್ರದ ಆಚೆ ಕಾದು ನಿಂತಿರುವ ಸಿಲಿಂಡರಿನ ಒತ್ತಡ. ರಂಧ್ರದ ವ್ಯಾಸ 3 ಮಿಲಿಮೀಟರ್, ತಲೆಯದು 30 ಮಿಲಿಮೀಟರ್ ಎಂದುಕೊಳ್ಳಿ. ವಿಸ್ತೀರ್ಣದ ಅನುಪಾತ 1ಕ್ಕೆ 100. ಆಗ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿದರೆ, ತೆರೆಯುವ ಕಡೆಯ ನೂಕು 150 ಬಾರ್‌ನಷ್ಟು ಕಡಿಮೆಯಾಗಿ, ಐಪಿ ಅದರ ನೂರನೇ ಒಂದು ಭಾಗ ಇಳಿಯುತ್ತದೆ, ಅಂದರೆ 1.5 ಬಾರ್. ಡೈವ್ ಶುರುವಿನಲ್ಲಿ 9.5 ಇದ್ದದ್ದು ಕೊನೆಯಲ್ಲಿ 8 ಆಗುತ್ತದೆ. ಸೆಕೆಂಡ್ ಸ್ಟೇಜಿನ ಕವಾಟವನ್ನು ತೆರೆಯಲು ಐಪಿಯ ನೆರವೂ ಬೇಕಿರುವುದರಿಂದ ಉಸಿರು ಒಂಚೂರು ಬಿಗಿಯಾದಂತೆ ಅನ್ನಿಸುತ್ತದೆ.

ಬ್ಯಾಲೆನ್ಸ್ಡ್ ವಿನ್ಯಾಸದಲ್ಲಿ ಸಿಲಿಂಡರಿನ ಗಾಳಿ ಪಿಸ್ಟನ್ನಿನ ಪಕ್ಕಗಳಿಗೆ ತಟ್ಟುತ್ತದೆಯೇ ಹೊರತು ಅದು ಚಲಿಸುವ ದಿಕ್ಕಿನಲ್ಲಿ ನೂಕುವುದಿಲ್ಲ. ಟ್ಯಾಂಕು ತುಂಬಿರಲಿ, ಬರಿದಾಗುತ್ತಿರಲಿ, ಐಪಿ ಹೆಚ್ಚುಕಡಿಮೆ ಅಲ್ಲಾಡದು. ಗಾಳಿಯ ದಾರಿಯನ್ನು ಅಗಲ ಮಾಡಲೂ ಸಾಧ್ಯ. ಒಳ್ಳೆಯ ಎಂಜಿನಿಯರಿಂಗ್, ಅನುಮಾನವಿಲ್ಲ. ಆದರೆ ಆ ಒಂದೂವರೆ ಬಾರ್ ಉಳಿಸಲು ಹೆಚ್ಚು ಓ-ರಿಂಗು (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ), ಹೆಚ್ಚು ಸೂಕ್ಷ್ಮ ತಿರುಗಣಿ ಕೆಲಸ, ಹೆಚ್ಚು ಬಿಡಿಭಾಗ ಬೇಕು. ಸಾದಾ ಪಿಸ್ಟನ್ ಮಾದರಿಯಲ್ಲಿ ಅಲುಗಾಡುವ ಭಾಗ ಮುಖ್ಯವಾಗಿ ಒಂದೇ. ಡೈವ್ ಶಾಲೆಗಳು ಬಾಡಿಗೆಗೆ ಕೊಡಲು ಇಂಥವನ್ನೇ ಇಷ್ಟಪಡುವುದು ಅಗ್ಗವೆಂದಷ್ಟೇ ಅಲ್ಲ, ದಿನವೂ ಹೊಸ ಕೈಗೆ ಸಿಕ್ಕಿ ಒದ್ದಾಡಿದರೂ ಬಾಳುತ್ತವೆ ಎಂದು.

ಪರೀಕ್ಷಾ ಕೊಠಡಿಯ ಅಂಕಿಗಳು

ಸಾದಾ ಮಾದರಿ ಸಾಕೇ ಎಂಬುದಕ್ಕೆ ಅಂಕಿಗಳಲ್ಲಿ ಉತ್ತರವಿದೆ. ಯುರೋಪಿನಲ್ಲಿ ಮಾರುವ ಸ್ಕೂಬಾ ರೆಗ್ಯುಲೇಟರುಗಳಿಗೆ ಇಎನ್ 250 ಎಂಬ ಮಾನದಂಡವಿದೆ. ಒತ್ತಡದ ಕೋಣೆಯೊಳಗೆ ಯಂತ್ರವೊಂದು ನಿಮಿಷಕ್ಕೆ 25 ಸಲ, ಸಲಕ್ಕೆ 2.5 ಲೀಟರಿನಂತೆ, ಒಟ್ಟು 62.5 ಲೀಟರ್ ಉಸಿರಾಡುತ್ತದೆ. ಕೋಣೆಯ ಒತ್ತಡ 50 ಮೀಟರ್ ಆಳದ್ದು, ಅಂದರೆ 6 ಬಾರ್. ಮೇಲ್ಮೈಯ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ 375 ಲೀಟರ್ ಗಾಳಿ.

ಈಗ ನಮ್ಮ ಡೈವರನ್ನು ತೆಗೆದುಕೊಳ್ಳಿ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಇಳಿದ ಓಪನ್ ವಾಟರ್ ಸರ್ಟಿಫಿಕೇಟಿನ ಡೈವರಿಗೆ ಮಿತಿ 18 ಮೀಟರ್. ಅಲ್ಲಿ ಒತ್ತಡ 2.8 ಬಾರ್. ನಿರಾಳವಾಗಿ ಈಜುವವರು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆಂದರೆ ಮೇಲ್ಮೈಯ ಲೆಕ್ಕದಲ್ಲಿ 56 ಲೀಟರ್. ಪರೀಕ್ಷೆಯಲ್ಲಿ ಪಾಸಾದ ಅತ್ಯಂತ ಅಗ್ಗದ ರೆಗ್ಯುಲೇಟರ್ ಕೂಡ ಇದರ ಆರು ಪಟ್ಟಿಗೂ ಹೆಚ್ಚು ಗಾಳಿಯನ್ನು ಕೊಟ್ಟು ತೋರಿಸಿರುತ್ತದೆ.

ಕೊಟ್ಟರೆ ಸಾಲದು, ಸಲೀಸಾಗಿ ಕೊಡಬೇಕು. ಒಂದು ಲೀಟರ್ ಗಾಳಿಯನ್ನು ಎಳೆದು ಬಿಡಲು ಎದೆಯ ಸ್ನಾಯುಗಳು ಮಾಡುವ ಕೆಲಸ 3 ಜೂಲ್ ಮೀರಬಾರದೆಂದು ಇಎನ್ 250 ಹೇಳುತ್ತದೆ. ಒಂದು ಕಿಲೋ ತೂಕವನ್ನು 30 ಸೆಂಟಿಮೀಟರ್ ಎತ್ತಿದರೆ ಆಗುವಷ್ಟು ಕೆಲಸ ಅದು. ಮೇಲ್ದರ್ಜೆಯವು ಇದನ್ನು ಒಂದು ಜೂಲಿನ ಆಸುಪಾಸಿಗೆ ಇಳಿಸುತ್ತವೆ. ದುಬಾರಿ ಬೆಲೆಯ ದೊಡ್ಡ ಪಾಲು ಹೋಗುವುದು ಇಲ್ಲಿಗೆ.

ಹಾಗಾದರೆ ಈ ಸಲೀಸು ಯಾರಿಗೆ ನಿಜವಾಗಿ ಬೇಕು? 30–40 ಮೀಟರಿಗೆ ಇಳಿಯುವವರಿಗೆ, ಬಲವಾದ ಸೆಳೆತದ ವಿರುದ್ಧ ಈಜುವವರಿಗೆ, ನೀರಿನಲ್ಲಿ ಕೆಲಸ ಮಾಡುವವರಿಗೆ. ಗಾಬರಿಯಾದವರು ನಿಮಿಷಕ್ಕೆ 60 ಲೀಟರ್ ಎಳೆಯಬಲ್ಲರು. ಜೊತೆಗಾರರ ಗಾಳಿ ಮುಗಿದು ಅವರೂ ನಮ್ಮ ಹಳದಿ ಕೊಳವೆಯ ಹೆಚ್ಚುವರಿ ಸೆಕೆಂಡ್ ಸ್ಟೇಜಿಗೆ, ಅಂದರೆ ಆಕ್ಟೋಪಸ್ಸಿಗೆ ಬಾಯಿಟ್ಟರೆ, ಒಂದೇ ಫಸ್ಟ್ ಸ್ಟೇಜ್ ಇಬ್ಬರನ್ನು ಸಾಕಬೇಕು. ಆಳ, ಅರೆಖಾಲಿ ಟ್ಯಾಂಕು, ಇಬ್ಬರ ಗಾಬರಿ ಈ ಮೂರೂ ಒಟ್ಟಿಗೆ ಬಂದ ಹೊತ್ತಿನಲ್ಲೇ ಅನ್‌ಬ್ಯಾಲೆನ್ಸ್ಡ್ ಮಾದರಿಯ ಬಿಗಿತ ಬಯಲಾಗುವುದು. ಇಎನ್ 250ರ 2014ರ ಪರಿಷ್ಕರಣೆಯಲ್ಲಿ 30 ಮೀಟರ್ ಒತ್ತಡದಲ್ಲಿ ಇಬ್ಬರು ಒಟ್ಟಿಗೆ ಉಸಿರಾಡುವ ಪರೀಕ್ಷೆಯನ್ನೂ ಸೇರಿಸಿದರು. ಅದರಲ್ಲಿ ಗೆದ್ದವಕ್ಕೆ ‘ಇಎನ್ 250ಎ’ ಎಂಬ ಗುರುತು. ದುಡ್ಡು ಎಷ್ಟೇ ಬಿಗಿಯಿದ್ದರೂ ಆ ‘ಎ’ ಅಕ್ಷರವನ್ನು ಮಾತ್ರ ಬಿಡಬೇಡಿ.

ಬಿಡಬಹುದಾದ ಖರ್ಚು

ಗಾಳಿ 200 ಬಾರ್‌ನಿಂದ ಹತ್ತಕ್ಕೆ ಒಮ್ಮೆಲೇ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೂ ಕೊರೆಯುವಷ್ಟು ತಂಪಾಗಿದ್ದರೆ ಫಸ್ಟ್ ಸ್ಟೇಜಿನ ಸ್ಪ್ರಿಂಗಿನ ಸುತ್ತ ಮಂಜುಗಟ್ಟಿ, ಪಿಸ್ಟನ್ ತೆರೆದಲ್ಲೇ ಸಿಕ್ಕಿಕೊಂಡು ಫ್ರೀ ಫ್ಲೋ ಆಗಬಹುದು. ಇದನ್ನು ತಡೆಯಲು ದುಬಾರಿ ಮಾದರಿಗಳಲ್ಲಿ ಸ್ಪ್ರಿಂಗಿನ ಕೋಣೆಗೆ ನೀರು ನುಗ್ಗದಂತೆ ಮೊಹರು ಹಾಕಿರುತ್ತಾರೆ. ಶಾಖ ಹೀರುವ ರೆಕ್ಕೆಗಳನ್ನೂ ಕೊಟ್ಟಿರುತ್ತಾರೆ. ಇಎನ್ 250 ಲೆಕ್ಕದಲ್ಲಿ 10 ಡಿಗ್ರಿಗಿಂತ ಕೆಳಗಿನದೆಲ್ಲ ತಣ್ಣೀರು. ತಣ್ಣೀರಿನ ಪರೀಕ್ಷೆ ದಾಟದ ರೆಗ್ಯುಲೇಟರಿನ ಮೇಲೆ 10 ಡಿಗ್ರಿಗಿಂತ ಮೇಲೆ ಮಾತ್ರ ಬಳಸಿ ಎಂಬರ್ಥದ ಗುರುತು ಇರುತ್ತದೆ.

ಅರಬ್ಬೀ ಸಮುದ್ರ, ಲಕ್ಷದ್ವೀಪ, ಅಂಡಮಾನುಗಳಲ್ಲಿ ಡೈವಿಂಗ್ ನಡೆಯುವ ತಿಂಗಳುಗಳಲ್ಲಿ ನೀರು ಸಾಮಾನ್ಯವಾಗಿ 25 ಡಿಗ್ರಿಯ ಮೇಲೇ ಇರುತ್ತದೆ. ಇಲ್ಲಷ್ಟೇ ಇಳಿಯುವವರು ತಣ್ಣೀರಿನ ಸಜ್ಜಿಗೆ ದುಡ್ಡು ಸುರಿಯುವುದು ವ್ಯರ್ಥ. ಕೆಲಸಕ್ಕೆಂದು ಹೋಗಿ ಬ್ರಿಟನ್ನಿನ ಕಲ್ಲುಗಣಿ ಹೊಂಡದಲ್ಲೋ ಜರ್ಮನಿಯ ಸರೋವರದಲ್ಲೋ ಡೈವ್ ಮಾಡುವ ಕನ್ನಡಿಗರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಅದು ಜೀವ ಉಳಿಸುವ ಖರ್ಚು.

ಟೈಟಾನಿಯಂ ಮೈ ಬಿಡಬಹುದಾದ ಇನ್ನೊಂದು ಐಷಾರಾಮ. ಹಗುರ, ತುಕ್ಕು ಹಿಡಿಯದು. ವಿಮಾನದಲ್ಲಿ ಮೇಲಿಂದ ಮೇಲೆ ಹೊತ್ತುಕೊಂಡು ಹೋಗುವವರಿಗೆ ಸರಿ. ಆದರೆ ಆಮ್ಲಜನಕ ಹೆಚ್ಚಿರುವ ಮಿಶ್ರಣಗಳಲ್ಲಿ ಅದಕ್ಕೆ ಬೆಂಕಿಯ ಅಪಾಯವಿರುವುದರಿಂದ ಸಾಮಾನ್ಯವಾಗಿ 40 ಪ್ರತಿಶತ ಮೀರಿದ ಆಮ್ಲಜನಕಕ್ಕೆ ಬಳಸುವುದಿಲ್ಲ. ಕ್ರೋಮ್ ಲೇಪಿಸಿದ ಹಿತ್ತಾಳೆ ಚೆನ್ನಾಗಿ ತೊಳೆದಿಟ್ಟರೆ ದಶಕಗಳ ಕಾಲ ಬಾಳುತ್ತದೆ.

ಸಿಲಿಂಡರಿಗೆ ಜೋಡಿಸುವ ಬಗೆಯಲ್ಲಿ ಎರಡುಂಟು. ಯೋಕ್ ಎಂಬುದು ಮೇಲಿನಿಂದ ಕವಚಿ ಬಿಗಿಯುವ ಹಿಡಿಕೆ. ಡಿನ್ ಎಂಬುದು ಕವಾಟದೊಳಗೆ ತಿರುಪುವ ಮರೆ. ಇದರಲ್ಲಿ ಓ-ರಿಂಗ್ ಒಳಗೇ ಸಿಕ್ಕಿಕೊಳ್ಳುವುದರಿಂದ ಹಾರಿಹೋಗುವ ಸಂಭವ ಕಡಿಮೆ. ಡಿನ್ ಕೊಂಡರೆ ಚಿಕ್ಕದೊಂದು ಅಡಾಪ್ಟರ್ ಹಾಕಿ ಯೋಕ್ ಟ್ಯಾಂಕಿಗೂ ಬಳಸಬಹುದು. ನೀವು ಹೋಗುವ ಕಡೆ ಬಾಡಿಗೆ ಟ್ಯಾಂಕುಗಳು ಯಾವ ಬಗೆಯವು ಎಂದು ಫೋನಿನಲ್ಲೇ ಕೇಳಿಕೊಂಡರೆ ಗೊಂದಲವಿಲ್ಲ.

ಬಿಡಲಾರದ ಖರ್ಚು

ಬೆಲೆಪಟ್ಟಿಯಲ್ಲಿ ಕಾಣದ ದೊಡ್ಡ ಖರ್ಚು ಸರ್ವಿಸ್. ಬಹಳಷ್ಟು ತಯಾರಕರು ವರ್ಷಕ್ಕೊಮ್ಮೆ ಇಲ್ಲವೇ 100 ಡೈವಿಗೊಮ್ಮೆ ಎನ್ನುತ್ತಾರೆ. ಕೆಲವರು ಎರಡು ವರ್ಷದ ಗಡುವು ಕೊಡುತ್ತಾರೆ. ಬಿಚ್ಚಿ, ತೊಳೆದು, ಓ-ರಿಂಗುಗಳನ್ನೂ ಕವಾಟದ ಬಿಲ್ಲೆಗಳನ್ನೂ ಬದಲಿಸಿ, ಐಪಿಯನ್ನು ಮತ್ತೆ ಹೊಂದಿಸಬೇಕು. ಒಂದು ಸಲದ ಖರ್ಚು ರೆಗ್ಯುಲೇಟರಿನ ಬೆಲೆಯ ಐದನೇ ಒಂದು ಪಾಲು ಎಂದು ಊಹಿಸಿ ಲೆಕ್ಕ ಹಾಕಿದರೂ, ಪ್ರತಿವರ್ಷ ಮಾಡಿಸಿದರೆ ಹತ್ತು ವರ್ಷಕ್ಕೆ ಕೊಂಡ ಬೆಲೆಯ ಎರಡು ಪಟ್ಟು ಸರ್ವಿಸ್ಸಿಗೇ ಹೋಗುತ್ತದೆ. ನಿಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ಆ ಕಂಪನಿಯ ತರಬೇತಿ ಪಡೆದ ತಂತ್ರಜ್ಞ ಇಲ್ಲದಿದ್ದರೆ ಕೊರಿಯರ್ ಖರ್ಚು, ತಿಂಗಳುಗಟ್ಟಲೆ ಕಾಯುವುದು ಬೇರೆ. ವಿದೇಶದಲ್ಲಿ ರಿಯಾಯಿತಿಯಲ್ಲಿ ಸಿಕ್ಕಿತೆಂದು ತಂದ ಅಪರೂಪದ ಬ್ರಾಂಡು ಹೀಗೇ ದುಬಾರಿಯಾಗುವುದು.

ಬಳಸದೆ ಕಪಾಟಿನಲ್ಲಿಟ್ಟರೂ ರೆಗ್ಯುಲೇಟರ್ ಸವೆಯುತ್ತದೆ. ಸೆಕೆಂಡ್ ಸ್ಟೇಜಿನಲ್ಲಿ ಸ್ಪ್ರಿಂಗು ಮೆತ್ತನೆಯ ಬಿಲ್ಲೆಯನ್ನು ಲೋಹದ ಅಂಚಿಗೆ ಹಗಲಿರುಳೂ ಒತ್ತುತ್ತಲೇ ಇರುತ್ತದೆ. ಕ್ರಮೇಣ ಅಲ್ಲಿ ಉಂಗುರದಂಥ ಗೀರು ಬಿದ್ದು ಗಾಳಿ ಸೋರತೊಡಗುತ್ತದೆ. ವರ್ಷಕ್ಕೆ ಎರಡು ಡೈವ್ ಮಾಡಿ ‘ಹೊಸದರಂತೆಯೇ ಇದೆ’ ಎಂದು ಬೀಗುವವರ ರೆಗ್ಯುಲೇಟರೂ ಇದಕ್ಕೆ ಹೊರತಲ್ಲ.

ದುಡ್ಡಿಲ್ಲದೆ ಆಗುವ ಆರೈಕೆ ಮಾತ್ರ ನಮ್ಮ ಕೈಯಲ್ಲೇ ಇದೆ. ಸಮುದ್ರದಿಂದ ಬಂದ ದಿನವೇ ಸಿಹಿನೀರಿನಲ್ಲಿ ನೆನೆಹಾಕಬೇಕು. ಉಪ್ಪು ಒಣಗಿ ಹರಳುಗಟ್ಟಿದರೆ ಆಮೇಲೆ ತೊಳೆದರೂ ಸುಲಭವಾಗಿ ಹೋಗದು. ಫಸ್ಟ್ ಸ್ಟೇಜಿನ ಬಾಯಿಗೆ ಮುಚ್ಚಳ ಹಾಕುವ ಮುಂಚೆ ಆ ಮುಚ್ಚಳದ ಒಳಮೈಯನ್ನು ಬಟ್ಟೆಯಿಂದ ಒರೆಸಬೇಕು. ನೆನೆಹಾಕಿದಾಗ ಸೆಕೆಂಡ್ ಸ್ಟೇಜಿನ ಪರ್ಜ್ ಬಟನ್, ಅಂದರೆ ಕವಾಟವನ್ನು ಕೈಯಿಂದ ತೆರೆಯುವ ಗುಂಡಿ, ಒತ್ತಬಾರದು. ಒಳಗೆ ಒತ್ತಡವಿಲ್ಲದಾಗ ಒತ್ತಿದರೆ ಕವಾಟ ಬಾಯಿಬಿಟ್ಟು ನೀರು ಕೊಳವೆಯೊಳಕ್ಕೆ ಇಳಿಯುತ್ತದೆ. ನೆರಳಿನಲ್ಲಿ, ಕೊಳವೆ ಮಡಿಚದಂತೆ ಒಣಗಿಸಬೇಕು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ

ಕಡಿಮೆ ದುಡ್ಡಿಗೆ ಒಳ್ಳೆಯ ಸಾಧನ ಸಿಗುವ ದಾರಿ ಬಳಸಿದ್ದನ್ನು ಕೊಳ್ಳುವುದು. ಗುಣಮಟ್ಟದ ಕಂಪನಿಯ ಹಳೆಯ ಬ್ಯಾಲೆನ್ಸ್ಡ್ ಮಾದರಿ, ಹೊಸ ಸಾದಾ ಮಾದರಿಯ ಬೆಲೆಗೆ ಸಿಗುವುದುಂಟು. ನೋಡಿ ಕೊಳ್ಳುವ ಕಣ್ಣಿರಬೇಕು.

ಮೊದಲು ಫಸ್ಟ್ ಸ್ಟೇಜಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ಇಣುಕಿ. ಅಲ್ಲೊಂದು ಲೋಹದ ಪುಡಿ ಒತ್ತಿ ಮಾಡಿದ ಫಿಲ್ಟರ್ ಕಾಣುತ್ತದೆ. ಬೆಳ್ಳಿಯ ಬಣ್ಣವೋ ಹಿತ್ತಾಳೆಯ ಬಣ್ಣವೋ ಚೊಕ್ಕವಾಗಿದ್ದರೆ ಒಳ್ಳೆಯದು. ಹಸಿರುಗಟ್ಟಿದ್ದರೆ ಉಪ್ಪುನೀರು ಒಳಗೆ ಹೋಗಿ ಕಿಲುಬು ಹಿಡಿದಿದೆ. ಕೆಂಪಗಿದ್ದರೆ ಯಾವುದೋ ಉಕ್ಕಿನ ಟ್ಯಾಂಕಿನ ತುಕ್ಕು. ಕಪ್ಪಗಿದ್ದರೆ ಕಂಪ್ರೆಸರಿನ ಗಾಳಿ ಸರಿಯಿರಲಿಲ್ಲ. ಒಂದು ಕಾಳಿನಷ್ಟಗಲದ ಆ ಬಿಲ್ಲೆ ಹಿಂದಿನ ಮಾಲೀಕನ ಚರಿತ್ರೆಯನ್ನೇ ಹೇಳಿಬಿಡುತ್ತದೆ.

ಆಮೇಲೆ ಬಾಯಿಗೆ ಮುಚ್ಚಳ ಬಿಗಿದು, ಟ್ಯಾಂಕಿಗೆ ಜೋಡಿಸದೆ, ಸೆಕೆಂಡ್ ಸ್ಟೇಜಿನಿಂದ ಮೆಲ್ಲಗೆ ಉಸಿರೆಳೆಯಿರಿ. ಗಾಳಿ ಬರಬಾರದು. ಬಂದರೆ ಡಯಾಫ್ರಾಮೋ ಉಸಿರು ಬಿಡುವ ಕವಾಟವೋ ಎಲ್ಲೋ ಸೋರುತ್ತಿದೆ. ನೀರಿನಲ್ಲಿ ಅಲ್ಲಿಂದಲೇ ನೀರು ಒಳಬರುತ್ತದೆ. ಕೊಳವೆಗಳನ್ನು ಲೋಹದ ತುದಿಯ ಹತ್ತಿರ ಬಗ್ಗಿಸಿ ಬಿರುಕು ಹುಡುಕಿ. ನಂತರ ಟ್ಯಾಂಕಿಗೆ ಜೋಡಿಸಿ, ಗಾಳಿ ಬಿಟ್ಟು, ಇಡೀ ಸೆಟ್ಟನ್ನು ನೀರಿನ ಟಬ್ಬಿನಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿಂದಲೂ ಬರಬಾರದು.

ಕೊನೆಯ ಪರೀಕ್ಷೆಗೆ ಐಪಿ ಗೇಜ್ ಬೇಕು. ಇಡೀ ಡೈವಿಂಗ್ ಸಾಮಾನಿನಲ್ಲಿ ಇದರಷ್ಟು ಕಡಿಮೆ ಬೆಲೆಗೆ ಇದರಷ್ಟು ಮಾಹಿತಿ ಕೊಡುವ ವಸ್ತು ಇನ್ನೊಂದಿಲ್ಲ. ತೇಲುವ ಜಾಕೆಟ್ಟಿಗೆ, ಅಂದರೆ ಬಿಸಿಡಿಗೆ, ಗಾಳಿ ಒಯ್ಯುವ ಕೊಳವೆಯ ತುದಿಗೆ ಇದನ್ನು ಸಿಕ್ಕಿಸಬೇಕು. ಮುಳ್ಳು 9–10 ಬಾರ್ ಆಸುಪಾಸಿನಲ್ಲಿ, ಆ ಮಾದರಿಗೆ ತಯಾರಕರು ಹೇಳಿದ ಅಂಕಿಗೆ ಸರಿಯಾಗಿ ನಿಲ್ಲಬೇಕು. ಪರ್ಜ್ ಬಟನ್ ಒತ್ತಿದಾಗ ಇಳಿದು, ಬಿಟ್ಟಾಗ ಥಟ್ಟನೆ ಮೇಲೇರಿ ಅಲ್ಲೇ ನಿಂತರೆ ಸರಿ. ಐದು ನಿಮಿಷ ನೋಡುತ್ತಿರುವಾಗಲೇ ಮುಳ್ಳು ತೆವಳುತ್ತಾ ತೆವಳುತ್ತಾ ಮೇಲೇರತೊಡಗಿದರೆ ಫಸ್ಟ್ ಸ್ಟೇಜಿನ ಬಿಲ್ಲೆ ಸವೆದಿದೆ ಎಂದು ಅರ್ಥ. ಆ ಮಾದರಿಗೆ ಬಿಡಿಭಾಗ ಈಗಲೂ ಸಿಗುತ್ತದೆಯೇ ಎಂದು ತಂತ್ರಜ್ಞರನ್ನು ವಿಚಾರಿಸಿ. ಸಿಗುವುದಾದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಕೊಳ್ಳಬಹುದು. ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎಲ್ಲ ಪರೀಕ್ಷೆ ಗೆದ್ದರೂ ಒಮ್ಮೆ ಸರ್ವಿಸ್ ಮಾಡಿಸದೆ ಅದನ್ನು ಕಚ್ಚಿಕೊಂಡು ನೀರಿಗಿಳಿಯಬಾರದು.

ಅಗ್ಗದ ಹೆಸರಿನ ಬಲೆ

ಕಡಿಮೆ ಬೆಲೆ ಬೇರೆ, ಕಳಪೆ ಬೇರೆ. ಆನ್‌ಲೈನಿನಲ್ಲಿ ಅರ್ಧ ಲೀಟರಿನ ಪುಟ್ಟ ಸಿಲಿಂಡರಿಗೆ ರೆಗ್ಯುಲೇಟರ್ ಅಂಟಿಸಿ, ಕೈಪಂಪಿನ ಜೊತೆಗೆ ಮಾರುತ್ತಾರೆ. ಲೆಕ್ಕ ಸುಲಭ: ಅರ್ಧ ಲೀಟರ್, 200 ಬಾರ್ ಎಂದರೆ 100 ಲೀಟರ್ ಗಾಳಿ. ಹತ್ತು ಮೀಟರಿನಲ್ಲಿ ನಿಮಿಷಕ್ಕೆ 40 ಲೀಟರಿನಂತೆ ಎರಡೂವರೆ ನಿಮಿಷಕ್ಕೆ ಮುಗಿಯಿತು. ತರಬೇತಿಯಿಲ್ಲದವರು ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲೆ ಬಂದರೆ ಒಂದೆರಡು ಮೀಟರಿನಲ್ಲೇ ಶ್ವಾಸಕೋಶ ಹಿಗ್ಗಿ ಹರಿಯಬಹುದು. ಹೆಸರಿಲ್ಲದ ರೆಗ್ಯುಲೇಟರುಗಳ ಮೇಲೂ ಸಿಇ ಎಂಬ ಗುರುತು ಇರಬಹುದು. ಉಸಿರಾಟದ ಸಾಧನಗಳಲ್ಲಿ ಆ ಗುರುತಿನ ಪಕ್ಕ ತಪಾಸಣೆ ಮಾಡಿದ ಸಂಸ್ಥೆಯ ನಾಲ್ಕಂಕಿಯ ಸಂಖ್ಯೆ ಇರಬೇಕು. ಇಎನ್ 250 ಎಂದೂ ಕೆತ್ತಿರಬೇಕು. ಇವೆರಡೂ ಇಲ್ಲದ ಸಿಇ ಗುರುತನ್ನು ನಂಬಬೇಡಿ.

ಯಾರು ಏನು ಕೊಳ್ಳಬೇಕು ಎಂಬುದು ಇಷ್ಟರಿಂದ ತೀರ್ಮಾನವಾಗುತ್ತದೆ. ವರ್ಷಕ್ಕೊಮ್ಮೆ ರಜೆಯಲ್ಲಿ ನಾಲ್ಕಾರು ಡೈವ್ ಮಾಡುವವರಿಗೆ ಸ್ವಂತ ರೆಗ್ಯುಲೇಟರೇ ಬೇಡ. ನಮ್ಮಲ್ಲಿ ಡೈವಿನ ಶುಲ್ಕದಲ್ಲಿ ಸಾಮಾನ್ಯವಾಗಿ ಸಾಮಾನಿನ ಬಾಡಿಗೆಯೂ ಸೇರಿರುತ್ತದೆ. ಮುಖಕ್ಕೆ ಹೊಂದುವ ಮಾಸ್ಕ್, ಬಾಡಿಗೆ ಸೆಟ್ಟಿಗೆ ಹಾಕಿಕೊಳ್ಳಲು ತಮ್ಮದೇ ಮೌತ್‌ಪೀಸ್ ಇದ್ದರೆ ಸಾಕು. ಇನ್ನಷ್ಟು ಹಣವಿದ್ದರೆ ಮೊದಲು ಡೈವ್ ಕಂಪ್ಯೂಟರ್. ವರ್ಷಕ್ಕೆ ಇಪ್ಪತ್ತು, ಮೂವತ್ತು ಡೈವ್ ಮಾಡುವವರು, ಬೆಚ್ಚನೆಯ ನೀರಿನಲ್ಲಿ ಇಪ್ಪತ್ತು ಮೀಟರಿನ ಆಸುಪಾಸಿನಲ್ಲೇ ಇರುವವರಾದರೆ, ಸಾದಾ ಪಿಸ್ಟನ್ ಸೆಟ್ಟು ಕೊಂಡು ಉಳಿದ ದುಡ್ಡನ್ನು ಸರ್ವಿಸ್ಸಿಗೆ ಎತ್ತಿಡಬಹುದು. ಆಳಕ್ಕೆ, ಸೆಳೆತಕ್ಕೆ ಹೋಗುವವರು ಬ್ಯಾಲೆನ್ಸ್ಡ್ ಮಾದರಿಗೆ, ತಣ್ಣೀರಿಗೆ ಹೋಗುವವರು ತಣ್ಣೀರಿನ ಸಜ್ಜಿಗೆ ಕೊಡುವ ಹಣ ಸಾರ್ಥಕ.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರೇ. ಇದನ್ನು ಎಷ್ಟು ಆಳಕ್ಕೆ, ಎಷ್ಟು ತಣ್ಣನೆಯ ನೀರಿಗೆ ಪರೀಕ್ಷಿಸಿದ್ದಾರೆ? ಇದನ್ನು ಸರ್ವಿಸ್ ಮಾಡುವವರು ಎಲ್ಲಿದ್ದಾರೆ? ಇದರ ಬಿಡಿಭಾಗ ಐದು ವರ್ಷದ ಮೇಲೂ ಸಿಗುತ್ತದೆಯೇ? ಮೂರಕ್ಕೂ ನೇರ ಉತ್ತರ ಸಿಕ್ಕರೆ ಅಗ್ಗದ್ದನ್ನೇ ಧೈರ್ಯವಾಗಿ ಕೊಳ್ಳಿ. ಸಿಗದಿದ್ದರೆ ದುಬಾರಿಯದನ್ನೂ ಕೊಳ್ಳಬೇಡಿ.